ಒಳಗಿನ ಚಿಲಕ

ಕೊಟ್ರಪ್ಪ ಮೇಷ್ಟ್ರ ಹತ್ತಿರ ನಾಟಕ ಕಲಿಯಲು ಬಂದವರಲ್ಲಿ ಚೀಲ ಬಿಚ್ಚದೆ ಉಳಿದವಳು ಅಯ್ಯಮ್ಮ ಒಬ್ಬಳೇ.

ಹೊಳೆ ದಡದಲ್ಲಿ ಒಂದು ಹಳೇ ಛತ್ರ. ಮೇಷ್ಟ್ರ ಶಾಲೆ ಎಂದರೂ ಅದೇ, ಮನೆ ಎಂದರೂ ಅದೇ. ಶಿಷ್ಯರು ಅಲ್ಲೇ ಉಂಡು, ಅಲ್ಲೇ ಮಲಗಿ, ಅಂಗಳದ ಕಟ್ಟೆಯ ಮೇಲೆ ಅಭಿನಯ ಕಲಿಯುತ್ತಿದ್ದರು. ಬಂದ ದಿನವೇ ಎಲ್ಲರೂ ಗೂಟಕ್ಕೆ ಅಂಗಿ ನೇತುಹಾಕಿ, ಗೂಡಿನಲ್ಲಿ ಕನ್ನಡಿ ಬಾಚಣಿಗೆ ಇಟ್ಟು ತಮ್ಮ ತಮ್ಮ ಜಾಗ ಹಿಡಿದರು. ಅಯ್ಯಮ್ಮನ ಚೀಲ ಮಾತ್ರ ಬಾಯಿ ಕಟ್ಟಿಸಿಕೊಂಡು ಕಂಬಕ್ಕೆ ಒರಗಿ ಕೂತಿತ್ತು. ಬೇಕಾದ್ದನ್ನು ತೆಗೆದುಕೊಂಡು ಮತ್ತೆ ಬಿಗಿದು ಇಡುವಳು.

ಮೇಷ್ಟ್ರು ನೋಡಿದರು.

ಅವಳ ಅಪ್ಪ ಮೌನೇಶ ರಾಯಚೂರು ಕಡೆಯ ಗೌಂಡಿ. ಗೋಡೆ ಎಲ್ಲಿ ಏಳುತ್ತದೋ ಅಲ್ಲಿ ಅವನ ಸಂಸಾರ. ಪುಣೆ ಆಯ್ತು, ಸೊಲ್ಲಾಪುರ ಆಯ್ತು, ಹುಬ್ಬಳ್ಳಿ ಆಯ್ತು. ಮಗಳು ನಡಿಗೆ ಕಲಿತದ್ದು ಒಂದು ಊರಲ್ಲಿ, ಮಾತು ಕಲಿತದ್ದು ಇನ್ನೊಂದು ಊರಲ್ಲಿ.

ಕಟ್ಟುತ್ತಿದ್ದ ಮನೆಯೊಳಗೇ ಅವರ ವಾಸ. ಬಾಗಿಲ ಜಾಗದಲ್ಲಿ ಗೋಣಿತಟ್ಟಿನ ಪರದೆ. ಕಾಣಲು ಬಂದವರು ಹೊರಗೆ ನಿಂತು ಕೆಮ್ಮುವರು. ತಟ್ಟೋಣ ಅಂದರೆ ಅಲ್ಲಿ ಏನಿತ್ತು ಹೇಳಿ.

ಹೀಗಿರುವಾಗ ಒಂದು ದಿನ ಬಡಗಿಯ ಗಾಡಿ ಬಂದು ಬಾಗಿಲುಗಳನ್ನು ಇಳಿಸಿತೋ, ಅಲ್ಲಿಗೆ ಮುಗಿಯಿತು. ಎಂಜಿನಿಯರು ನೆಲ ನೋಡುತ್ತಾ, ನಾಳೆ ಬಾಗಿಲು ಕೂರಿಸ್ತಾರೆ, ಖಾಲಿ ಮಾಡಿ ಅನ್ನುವನು. ಅವನು ಬಾಯಿ ತೆರೆಯುವ ಮೊದಲೇ ಅವ್ವ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿರುತ್ತಿದ್ದಳು. ಜಗಳ ಇಲ್ಲ, ಅಳು ಇಲ್ಲ. ಬಾಗಿಲು ಬಂದರೆ ತಾವು ಹೊರಡಬೇಕು, ಅಷ್ಟೇ. ಸೂರ್ಯ ಮುಳುಗಿದರೆ ದೀಪ ಹಚ್ಚಬೇಕು ಅನ್ನುವಷ್ಟೇ ಸಹಜವಾಗಿ ಅಯ್ಯಮ್ಮನಿಗೆ ಅದು ಗೊತ್ತಿತ್ತು.

ಮೇಷ್ಟ್ರಿಗೆ ಅವಳು ಸಿಕ್ಕಿದ್ದು ಒಂದು ರಂಗಮಂದಿರ ಕಟ್ಟುವಾಗ. ಮರಳ ರಾಶಿಯ ಮೇಲೆ ನಿಂತು, ಕೂಲಿಯವರ ಮಕ್ಕಳ ಮುಂದೆ ಎಂಜಿನಿಯರನನ್ನೂ ಮೇಸ್ತ್ರಿಯನ್ನೂ ಆಡಿ ತೋರಿಸುತ್ತಿದ್ದಳು. ವೇದಿಕೆ ನೋಡಲು ಬಂದಿದ್ದ ಮೇಷ್ಟ್ರು ವೇದಿಕೆಯನ್ನು ಮರೆತು ಇವಳನ್ನೇ ನೋಡುತ್ತಾ ನಿಂತುಬಿಟ್ಟರು. ಕೈಯಲ್ಲಿದ್ದ ಚಹಾ ಆರಿಹೋಯಿತು.

ಮಗಳನ್ನು ನಾಟಕ ಕಲಿಯಲು ಕಳಿಸು ಎಂದದ್ದಕ್ಕೆ, ಬಣ್ಣ ಹಚ್ಚಿಕೊಂಡರೆ ಹೊಟ್ಟೆ ತುಂಬುತ್ತದೆಯೇ ಎಂದು ಮೌನೇಶ ಕೇಳಿದ. ತುಂಬುವುದು ಕಷ್ಟ ಎಂದರು ಮೇಷ್ಟ್ರು. ಈ ಮನುಷ್ಯ ಸುಳ್ಳು ಹೇಳುವವನಲ್ಲ ಎಂದು ಮೌನೇಶನಿಗೆ ಅಷ್ಟರಿಂದಲೇ ತಿಳಿಯಿತು.

ಒಂದು ನಾಟಕ ಆಡಲಿ ಎಂದ. ತಾಲೀಮು ಮುಗಿಯುವ ಹೊತ್ತಿಗೆ ತಾನು ಬರುತ್ತೇನೆ, ಇವಳ ಕೈಲಿ ಆಗುತ್ತದೆ ಅಂದರೆ ನಿಮ್ಮಲ್ಲೇ ಬಿಡುತ್ತೇನೆ, ಇಲ್ಲವಾದರೆ ಗೋವಾದಲ್ಲಿ ಹೊಸ ಕೆಲಸ ಸಿಕ್ಕಿದೆ, ಕರೆದುಕೊಂಡು ಹೋಗುತ್ತೇನೆ ಎಂದ. ಅಯ್ಯಮ್ಮ ಅಪ್ಪನ ಬೆನ್ನ ಹಿಂದೆ ನಿಂತು ಉಗುರು ಕಚ್ಚುತ್ತಿದ್ದಳು. ಹುಟ್ಟಿದಾಗಿನಿಂದ ಅವಳು ಇಷ್ಟು ಆಸೆಪಟ್ಟು ಬೇಡಿದ್ದು ಇನ್ನೊಂದಿಲ್ಲ.

ನಾಟಕದಲ್ಲಿ ಅವಳಿಗೆ ಮುದುಕಿಯ ಪಾತ್ರ. ರಾಜನಿಗೆ ತೋಟ ಬೆಳೆಸಬೇಕು, ಮುದುಕಿಯ ಗುಡಿಸಲು ಅಡ್ಡ. ದೂತ ಬಂದು ಮನೆ ಖಾಲಿ ಮಾಡು ಅನ್ನುತ್ತಾನೆ. ಹೋಗಲ್ಲ, ಇದು ನನ್ನ ಮನೆ ಅನ್ನುತ್ತಾಳೆ ಮುದುಕಿ. ಇಡೀ ನಾಟಕ ನಿಂತಿರುವುದು ಆ ಒಂದು ಮಾತಿನ ಮೇಲೆ.

ಬರೀ ಕಟ್ಟೆಯ ಮೇಲೆ ಅಯ್ಯಮ್ಮ ಅದನ್ನು ಆಡಿದ್ದೇ ಆಡಿದ್ದು. ಬೆನ್ನು ಬಾಗಿತು, ದನಿ ಒಡೆಯಿತು, ಉಳಿದ ಶಿಷ್ಯರು ಅನ್ನ ಒಲೆ ಮೇಲಿರುವುದನ್ನೂ ಮರೆತರು. ಅನ್ನ ಸೀದ ವಾಸನೆ ಬಂದಾಗ ಮೇಷ್ಟ್ರು ನಕ್ಕರು.

ಮೇಷ್ಟ್ರದ್ದು ಒಂದು ಪದ್ಧತಿ. ರಂಗದ ಸಾಮಾನು ಬರುವುದು ಕಟ್ಟಕಡೆಗೆ. ಮೊದಲು ಮನುಷ್ಯರು ನಿಲ್ಲಲಿ, ಆಮೇಲೆ ಬಾಗಿಲು ನಿಲ್ಲಲಿ ಅನ್ನುವವರು.

ಬಾಗಿಲು ಬಂತು. ಯಾವುದೋ ಕೆಡವಿದ ಮನೆಯ ಹಳೇ ತೇಗದ ಬಾಗಿಲು. ಚೌಕಟ್ಟು ಸಮೇತ ಕಟ್ಟೆಯ ನಡುವೆ ನೆಟ್ಟರು. ಆಚೆ ಗೋಡೆ ಇಲ್ಲ, ಈಚೆ ಗೋಡೆ ಇಲ್ಲ. ಮುದುಕಿಯ ಸಂಸಾರ ಎಂದು ಒಂದು ಗಡಿಗೆ, ಒಂದು ಚಾಪೆ. ನಾಟಕಕ್ಕೆ ಅಷ್ಟು ಸಾಕು.

ಅಯ್ಯಮ್ಮನಿಗೆ ಮಾತ್ರ ಅದು ಸಾಕು ಸಾಕಾಗುವಷ್ಟಾಯಿತು.

ದೂತನ ಪಾತ್ರದ ಬೆಟ್ಟಪ್ಪ ಮೀಸೆ ತಿರುವಿ ಮನೆ ಖಾಲಿ ಮಾಡು ಎಂದ. ಹೋಗಲ್ಲ ಎಂದಳು ಅಯ್ಯಮ್ಮ. ಬಾಯಿ ಹೋಗಲ್ಲ ಅನ್ನುತ್ತಿದೆ, ಕೈ ಆಗಲೇ ಗಡಿಗೆ ಎತ್ತಿಕೊಂಡಿದೆ. ಅವಳಿಗೇ ಗೊತ್ತಿಲ್ಲದೆ ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದಾಳೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನೋಡಿಕೊಂಡು ಅವಳೂ ನಕ್ಕಳು.

ಮರುದಿನವೂ ಹಾಗೇ ಆಯಿತು. ಅದರ ಮರುದಿನ ಯಾರೂ ನಗಲಿಲ್ಲ.

ಹೊಳೆಗೆ ಹೋಗಿ ನೀರಿನ ಮುಂದೆ ನಿಂತು ಹೇಳಿದರೆ ಮಾತು ಕಲ್ಲಿನಂತೆ ಗಟ್ಟಿಯಾಗಿ ಬರುತ್ತಿತ್ತು. ಬಾಗಿಲ ಮುಂದೆ ಬಂದರೆ ಕಾಲು ಕಟ್ಟೆಯ ಅಂಚಿಗೆ ಜಾರುತ್ತಿತ್ತು. ಅಪ್ಪ ಬರುವ ದಿನ ಹತ್ತಿರವಾಗುತ್ತಿತ್ತು.

ಕೊನೆಗೆ ಮೇಷ್ಟ್ರ ಹತ್ತಿರ ಹೋದಳು. ಅವರು ಜಗಲಿಯ ಮೇಲೆ ಕೂತು ರಾಜನ ರಟ್ಟಿನ ಕಿರೀಟಕ್ಕೆ ಅಂಟು ಹಚ್ಚುತ್ತಿದ್ದರು.

“ಆ ಬಾಗಿಲು ತೆಗೆಸಿಬಿಡ್ರಿ ಮೇಷ್ಟ್ರೇ,” ಎಂದಳು.

ಯಾಕೆ ಎಂದು ಕೇಳಿದರು. ಅವಳು ಹೇಳಿದಳು. ಗೋಣಿತಟ್ಟು, ಬಡಗಿಯ ಗಾಡಿ, ಅವ್ವ ಬಿಚ್ಚುವ ಹಗ್ಗ, ಎಲ್ಲ ಹೇಳಿದಳು. ಬಾಗಿಲು ಕಂಡರೆ ತನ್ನ ಮೈ ತನ್ನ ಮಾತು ಕೇಳುವುದಿಲ್ಲ ಎಂದಳು.

ಮೇಷ್ಟ್ರು ಕಿರೀಟ ಕೆಳಗಿಟ್ಟರು. ಅಷ್ಟು ಮನೆಗಳಲ್ಲಿ ಇದ್ದೆಯಲ್ಲ, ಯಾವತ್ತಾದರೂ ಒಂದು ಬಾಗಿಲು ಹಾಕಿಕೊಂಡಿದ್ದೀಯಾ ಎಂದು ಕೇಳಿದರು. ಇಲ್ಲ ಎಂದಳು.

ಒಳಗೆ ಹೋಗಿ ತುಕ್ಕು ಹಿಡಿದ ಒಂದು ಚಿಲಕ ತಂದರು. ಮೊಳೆ, ಸುತ್ತಿಗೆಯನ್ನೂ ಅವಳ ಕೈಗಿತ್ತು, ಆ ಬಾಗಿಲಿಗೆ ಇದನ್ನು ನೀನೇ ಕೂರಿಸು, ಒಳಗಡೆಗೆ ಕೂರಿಸು ಎಂದರು.

ಅಯ್ಯಮ್ಮ ಕಟ್ಟೆಯ ಕಡೆ ನೋಡಿದಳು. ಬಯಲಲ್ಲಿ ಬೆಪ್ಪಾಗಿ ನಿಂತಿತ್ತು ಬಾಗಿಲು.

“ಗೋಡೇನೇ ಇಲ್ಲಲ್ರಿ. ಒಳಗ ಅನ್ನೋದು ಯಾವ ಕಡಿ?”

“ನೀನು ನಿಂತಿರೋ ಕಡೆ,” ಎಂದರು ಮೇಷ್ಟ್ರು. ಮತ್ತೆ ಕಿರೀಟ ಕೈಗೆತ್ತಿಕೊಂಡರು.

ಮೊದಲ ಸಲ ಚಿಲಕ ಸೊಟ್ಟಗಾಯಿತು. ಕಿತ್ತು ಮತ್ತೆ ಹೊಡೆದಳು. ಹೆಬ್ಬೆರಳು ಜಜ್ಜಿಕೊಂಡು ಬಾಯಲ್ಲಿಟ್ಟುಕೊಂಡಳು. ಸರಿಯಾಗಿ ಕೂತ ಮೇಲೆ ಹಾಕಿ ನೋಡಿದಳು, ತೆಗೆದು ನೋಡಿದಳು. ಆ ಶಬ್ದ ಅವಳಿಗೆ ಹೊಸದು. ಯಾರಾದರೂ ನೋಡಿಯಾರೆಂದು ಆಚೀಚೆ ಕಣ್ಣಾಡಿಸಿ ಇನ್ನೊಮ್ಮೆ ಹಾಕಿದಳು.

ಇನ್ನೇನು, ಎಲ್ಲ ಸರಿಹೋಯಿತು ಅಂದುಕೊಂಡಿರಾ? ಎಲ್ಲಿಂದ ಬಂತು. ಸಂಜೆ ಬೆಟ್ಟಪ್ಪ ಮೀಸೆ ತಿರುವಿದ, ಇವಳು ಗಡಿಗೆ ಎತ್ತಿದಳು.

ಮೇಷ್ಟ್ರು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು ಅವಳಿಗೆ. ತನ್ನ ಯೋಗ್ಯತೆ ಇಷ್ಟೇ ಅಂದುಕೊಂಡು, ಮೂಗು ಒರೆಸಿಕೊಳ್ಳುತ್ತಾ ಚೀಲದ ಬಾಯಿಗೆ ಇನ್ನೊಂದು ಗಂಟು ಹಾಕಿದಳು.

ಮಾರನೇ ಬೆಳಿಗ್ಗೆ ಮೌನೇಶ ಬಂದ. ಬಂದವನ ಕಣ್ಣಿಗೆ ಮೊದಲು ಬಿದ್ದದ್ದು ಕಂಬಕ್ಕೆ ಒರಗಿದ ಚೀಲ. ಅವನಿಗೆ ಬೇರೆ ಮಾತು ಬೇಕಾಗಲಿಲ್ಲ. ಮಗಳ ತಲೆ ಸವರಿ, ಗೋವಾದಲ್ಲಿ ಸಮುದ್ರ ಅದಂತ, ನೋಡುವಿಯಂತೆ ಎಂದ. ಅವಳು ತಲೆಯಾಡಿಸಿದಳು. ಕಣ್ಣು ಮಾತ್ರ ಕಟ್ಟೆಯ ಮೇಲಿನ ಬಾಗಿಲ ಕಡೆಗೇ ಇತ್ತು.

ಅವತ್ತೇ ಬೆಟ್ಟಪ್ಪನಿಗೆ ಗಂಟಲು ಕಟ್ಟಿತ್ತು. ತಾನಾಗಿ ಕಟ್ಟಿತೋ, ಮೇಷ್ಟ್ರು ಕಟ್ಟಿಸಿದರೋ, ಆ ದೇವರೇ ಬಲ್ಲ. ಹೊರಡುವ ಮುಂಚೆ ಕೊನೆಯದಾಗಿ ಒಂದು ತಾಲೀಮು ಆಗಲಿ ಎಂದರು ಮೇಷ್ಟ್ರು. ದೂತನ ಜಾಗದಲ್ಲಿ ನೀನು ನಿಲ್ಲಪ್ಪ ಎಂದು ಮೌನೇಶನಿಗೆ ಹೇಳಿದರು.

ಮೌನೇಶ ನಾಚಿ ನೀರಾದ. ತಾನು ಗೌಂಡಿ, ನಾಟಕ ಗೀಟಕ ತನಗೆ ತಿಳಿಯದು ಎಂದ. ಹೇಳುವುದು ಒಂದೇ ಮಾತು ಎಂದು ಮೇಷ್ಟ್ರು ಅದನ್ನು ಹೇಳಿಕೊಟ್ಟರು.

“ಈ ಮಾತು ನನಗ ಬಾಯಿಪಾಠ ಅದ ರೀ,” ಎಂದ ಮೌನೇಶ.

ಅಯ್ಯಮ್ಮ ಬಾಗಿಲ ಈಚೆ ನಿಂತಳು. ಅಪ್ಪ ಆಚೆ ನಿಂತ. ಕದ ಅರ್ಧ ತೆರೆದಿತ್ತು.

ಮೌನೇಶನಿಗೆ ಮೀಸೆ ತಿರುವಲು ಬರಲಿಲ್ಲ, ಕೂಗಲೂ ಬರಲಿಲ್ಲ. ಊರೂರಲ್ಲಿ ತಾನು ಕೇಳಿದ್ದ ಹಾಗೇ ಹೇಳಿದ, ನೆಲ ನೋಡುತ್ತಾ, ಮೆಲ್ಲಗೆ.

“ನಾಳಿಗೆ ಬಾಗಲ ಕೂಡಸ್ತಾರ. ಮನಿ ಖಾಲಿ ಮಾಡ್ರಿ.”

ಅಯ್ಯಮ್ಮನ ಕೈ ಗಡಿಗೆಗೆ ಹೋಯಿತು. ಕದದ ಸಂದಿನಲ್ಲಿ ಅಪ್ಪನ ಚಪ್ಪಲಿ ಕಂಡಿತು, ಸಿಮೆಂಟು ಒಣಗಿ ಬಿಳಿಚಿದ ಚಪ್ಪಲಿ. ಎಲ್ಲ ಊರುಗಳಲ್ಲೂ ಅವಳು ಆ ಚಪ್ಪಲಿಯ ಹಿಂದೆಯೇ ಹೊರಟವಳು. ಈಗಲೂ ಹೊರಟರೆ ಇನ್ನು ಜನ್ಮದಲ್ಲಿ ನಿಲ್ಲುವುದಿಲ್ಲ ಅನ್ನಿಸಿತು.

ಗಡಿಗೆ ಕೆಳಗಿಟ್ಟಳು. ಕದ ತಳ್ಳಿದಳು. ಜಜ್ಜಿದ ಹೆಬ್ಬೆರಳಿನಲ್ಲೇ ಚಿಲಕ ಸರಿಸಿದಳು.

“ನಾ ಹೋಗಂಗಿಲ್ಲ. ಇದು ನನ್ನ ಮನಿ.”

ಅದು ಮುದುಕಿಯ ದನಿಯಲ್ಲ, ತಾಲೀಮಿನ ದನಿಯೂ ಅಲ್ಲ. ನಾಟಕದಲ್ಲಿ ಇಲ್ಲದ ಇನ್ನೊಂದು ಮಾತೂ ಅದರ ಹಿಂದೆ ಬಂತು.

“ನೀ ಹೋಗಿ ಬಾ ಅಪ್ಪ. ನಾ ಇಲ್ಲೇ ಇರ್ತೀನಿ.”

ಅಪ್ಪನ ಮಾತಿಗೆ ಅವಳು ಎದುರಾಡಿದ್ದು ಅದೇ ಮೊದಲು. ಅವನು ಸಿಟ್ಟಾದನೋ, ನೊಂದುಕೊಂಡನೋ, ಕದ ಅಡ್ಡ ಇದ್ದುದರಿಂದ ಕಾಣುತ್ತಿರಲಿಲ್ಲ. ಅವನು ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ ಸಾಕಿತ್ತು, ಸುತ್ತಿಕೊಂಡು ಅವಳ ಪಕ್ಕಕ್ಕೇ ಬಂದುಬಿಡಬಹುದಿತ್ತು.

ಅವನು ಬರಲಿಲ್ಲ. ನಿಂತಲ್ಲೇ ನಿಂತಿದ್ದ.

ಆಮೇಲೆ ಆಚೆಯಿಂದ ಒಂದು ದೊಡ್ಡ ಉಸಿರು ಕೇಳಿತು. ತಲೆಯ ಮೇಲಿನ ಬುಟ್ಟಿ ಇಳಿಸಿದಾಗ ಅಪ್ಪ ಬಿಡುತ್ತಿದ್ದ ಉಸಿರು ಅದು. ಅಯ್ಯಮ್ಮನಿಗೆ ಆ ಶಬ್ದ ಚೆನ್ನಾಗಿ ಗೊತ್ತು. ಅವಳ ಎದೆಯ ಭಾರವೂ ಅದರ ಜೊತೆಗೇ ಇಳಿಯಿತು. ಕದಕ್ಕೆ ಹಣೆ ಒತ್ತಿಕೊಂಡು ಅಳುತ್ತಾ ನಕ್ಕಳು.

“ಒಳಗಿಂದ ಚಿಲಕ ಹಾಕ್ಯಾಳ ನೋಡ್ರಿ ಮೇಷ್ಟ್ರೇ,” ಎನ್ನುತ್ತಿದ್ದ ಮೌನೇಶ. ದನಿ ಹಿಗ್ಗಿತ್ತು, ನಡುಗುತ್ತಲೂ ಇತ್ತು. ತಮ್ಮ ಮನೆತನದಲ್ಲಿ ಇದುವರೆಗೆ ಯಾರೂ ಹಾಕಿದವರಿಲ್ಲ ಎಂದ. ಇರಲಿ, ಇಲ್ಲೇ ಇರಲಿ, ಇವಳ ಅವ್ವಗೆ ತಾನು ಹೇಳುತ್ತೇನೆ ಎಂದ. ಆಮೇಲೆ ಮುಚ್ಚಿದ ಬಾಗಿಲ ಮುಂದೆ ಏನು ಮಾಡಬೇಕೋ ತಿಳಿಯದೆ, ಕೈ ಎಲ್ಲಿಡಬೇಕೋ ತಿಳಿಯದೆ ನಿಂತ.

“ಈಗ ನಾ ಏನು ಮಾಡ್ಲಿ ರೀ?” ಎಂದು ಕೇಳಿದ.

ಮೇಷ್ಟ್ರು ಜಗಲಿಯಿಂದ ಏಳಲೂ ಇಲ್ಲ.

“ನೆಂಟರು ಬಂದಂಗೆ ತಟ್ಟಪ್ಪ. ತೆಗೀತಾಳೆ.”