ನೀಲವ್ವನ ಒದ್ದೆ ರೆಕ್ಕೆ

ಕಾಡಿನ ನಡುವೆ ಒಂದು ಕೆರೆ. ಕೆರೆಯ ನಡುವೆ ಒಂದು ಒಣಮರ. ಆ ಮರದ ಮೇಲೆ ಬಿಳಿ ಬೆಳ್ಳಕ್ಕಿಗಳದ್ದೇ ಕಾರುಬಾರು. ಕಪ್ಪು ನೀರುಕಾಗೆಗಳದ್ದು ಆ ಕೆರೆಯಲ್ಲಿ ಒಂದೇ ಸಂಸಾರ, ನೀಲವ್ವ ಮತ್ತು ಅವಳ ಪುಟ್ಟ ಮರಿಗಳು. ಅವಳ ಗೂಡು ಆಚೆ ದಡದ ಎತ್ತರದ ಮತ್ತಿಮರದಲ್ಲಿತ್ತು.

ನೀರುಕಾಗೆಯ ಪಾಡು ಗೊತ್ತಾ ಮಕ್ಕಳೇ? ಮುಳುಗಿ ಮೀನು ಹಿಡಿಯುವಾಗ ಅದರ ರೆಕ್ಕೆ ನೆಂದು ಭಾರವಾಗುತ್ತೆ. ಬಿಸಿಲಿಗೆ ಹರಡಿ ಒಣಗಿಸಿಕೊಂಡರೇನೇ ಎತ್ತರಕ್ಕೆ ಹಾರೋದು. ದಡದಲ್ಲಿ ಕೂರೋಣವೆಂದರೆ ನರಿಯ ಕಾಟ. ಹಾಗಾಗಿ ನೀಲವ್ವನಿಗೆ ಆ ಒಣಮರವೇ ಗತಿ.

ಒಂದು ದಿನ ಬೆಳ್ಳಕ್ಕಿಗಳ ಹಿರಿಯ ಕೊಕ್ಕಪ್ಪ ಕತ್ತು ಉದ್ದ ಮಾಡಿ ಹೇಳಿದ, "ಇನ್ಮೇಲೆ ಈ ಮರದ ಮೇಲೆ ಯಾರೂ ರೆಕ್ಕೆ ಹರಡಕೂಡದು!"

ಬೆಳ್ಳಕ್ಕಿಗಳು ರೆಕ್ಕೆ ಮಡಚಿಕೊಂಡೇ ಕೂರುತ್ತವೆ. ಹರಡಿ ಕೂರುವವಳು ನೀಲವ್ವ ಒಬ್ಬಳೇ. ಕೊಕ್ಕಪ್ಪನ ಕಿಲಾಡಿತನ ನೋಡಿದಿರಾ? ಹೇಳುವಾಗಲೇ ನನಗೆ ಮೈ ಉರಿಯುತ್ತೆ.

ಅಷ್ಟರಲ್ಲಿ ನೀಲವ್ವ ಮರಿಗಳಿಗೆ ಕಕ್ಕಿ ಉಣಿಸಲೆಂದು ಮೀನು ನುಂಗಿಕೊಂಡು ಮರ ಹತ್ತಿದಳು. ರೆಕ್ಕೆ ಬಿಚ್ಚಿದ್ದೇ ತಡ, ಕೊಕ್ಕಪ್ಪ ಕುಕ್ಕಿ ನೀರಿಗೆ ಬೀಳಿಸಿದ. ಬೆಳ್ಳಕ್ಕಿಗಳೆಲ್ಲ ಗಪ್‌ಚುಪ್. ಹಾಲಮ್ಮನೆಂಬ ಬೆಳ್ಳಕ್ಕಿಯೂ ಮುಖ ತಿರುಗಿಸಿಕೊಂಡಳು.

ನೀಲವ್ವ ಮತ್ತೆ ಹತ್ತಿದಳು. "ನನ್ನ ಅಜ್ಜಿಯೂ ಇಲ್ಲೇ ರೆಕ್ಕೆ ಒಣಗಿಸಿದ್ದು. ನಾನು ಬಿಸಿಲನ್ನು ಭಿಕ್ಷೆ ಕೇಳೋದಿಲ್ಲ," ಎಂದಳು. ಕೊಕ್ಕಪ್ಪ ಮತ್ತೆ ಕುಕ್ಕಿ ಬೀಳಿಸಿದ. ಆಚೆ ದಡದಿಂದ ಮರಿಗಳು ಹಸಿವಿಗೆ ಕಿರುಚುತ್ತಿದ್ದವು.

ಹಾಲಮ್ಮನಿಗೆ ತಡೆಯಲಾಗಲಿಲ್ಲ. "ಸಾಕು ನಿಲ್ಸಣ್ಣ! ಬಿಸಿಲೇನು ನಿನ್ನಪ್ಪನ ಮನೆ ಆಸ್ತಿನಾ?"

"ನಿನಗ್ಯಾಕೆ ಅವಳ ಉಸಾಬರಿ? ನೀನು ನಮ್ಮವಳಲ್ವಾ?"

"ನಿಮ್ಮವಳೇ. ಅದಕ್ಕೇ ನಾನು ಹೇಳಬೇಕು. ಅವಳು ಬಾಯಿ ಬಿಟ್ಟರೆ ಜಗಳಗಂಟಿ ಅಂತೀರಿ."

ಹಾಗೆಂದವಳೇ ಹಾಲಮ್ಮ ತನ್ನ ಒಣಗಿದ ಬಿಳಿ ರೆಕ್ಕೆಗಳನ್ನು ಅಗಲವಾಗಿ ಹರಡಿ ಕೂತಳು. "ಯಾರೂ ಹರಡಕೂಡದು ಅಂದೆಯಲ್ಲ? ನನ್ನನ್ನೂ ಬೀಳಿಸು, ನೋಡೋಣ!"

ಕೊಕ್ಕಪ್ಪ ಕೊಕ್ಕೆತ್ತಿದ. ಪಕ್ಕದ ಕೊಂಬೆಯ ಮುದಿ ಬೆಳ್ಳಕ್ಕಿ ನಡುಗುತ್ತಲೇ ರೆಕ್ಕೆ ಬಿಚ್ಚಿತು. ಅದರಾಚೆ ಇನ್ನೊಂದು, ಮತ್ತೊಂದು. ನೋಡನೋಡುತ್ತ ಇಡೀ ಮರವೇ ರೆಕ್ಕೆ ಹರಡಿತ್ತು. ಯಾರನ್ನಂತ ಕುಕ್ಕುತ್ತಾನೆ? ಕೊಕ್ಕಪ್ಪ ಪೆಚ್ಚುಮೋರೆ ಹಾಕಿಕೊಂಡು ಪಕ್ಕಕ್ಕೆ ಸರಿದ.

ಆ ಬಿಳಿ ರೆಕ್ಕೆಗಳ ನಡುವೆ ನೀಲವ್ವ ಮತ್ತೆ ಹತ್ತಿ, ತಲೆಯೆತ್ತಿ ಕೂತು ರೆಕ್ಕೆ ಒಣಗಿಸಿಕೊಂಡಳು. ಅಬ್ಬಾ, ಆ ಠೀವಿ! ನೆನೆದರೆ ಈಗಲೂ ನನಗೆ ಹೆಮ್ಮೆಯಾಗುತ್ತೆ.

ಆಮೇಲೆ ಹಾರಿಹೋಗಿ ಮರಿಗಳ ಹೊಟ್ಟೆ ತುಂಬಿಸಿದಳು. ಒಂದು ಮರಿ ಒಣಮರದತ್ತ ನೋಡಿ ಕೇಳಿತು, "ಅವ್ವಾ, ಇನ್ನೂ ಒಬ್ಬಳೇ ರೆಕ್ಕೆ ಹರಡಿ ಕೂತಿದ್ದಾಳಲ್ಲ, ಆ ಬಿಳಿಯವಳು ಯಾರು?"

ನೀಲವ್ವ ಹೇಳಿದಳು, "ಅವಳಾ? ನಮ್ಮವಳು."

ನೀತಿ: ಕಡಿಮೆ ಸಂಖ್ಯೆಯವರಿಗೆ ಅನ್ಯಾಯವಾದಾಗ ಹೆಚ್ಚು ಸಂಖ್ಯೆಯವರು ಸುಮ್ಮನಿರಬಾರದು, ಅವರ ಪಕ್ಕದಲ್ಲಿ ನಿಂತು ದನಿ ಎತ್ತಬೇಕು.