ಮುದ್ದಲಿಂಗನ ಮೊಡವೆ ಮುಲಾಮು

ಚೌಡಮ್ಮನಿಗೆ ಒಬ್ಬನೇ ಮಗ, ಮುದ್ದಲಿಂಗ. ಆಳೆತ್ತರ ಬೆಳೆದಿದ್ದ, ಹೊಟ್ಟೆ ತುಂಬ ಉಣ್ಣುತ್ತಿದ್ದ, ಅವ್ವನ ಮಾತು ಒಂದಿಷ್ಟೂ ಮೀರುತ್ತಿರಲಿಲ್ಲ. ಅದೇ ನೋಡಿ ಅವಳ ಗೋಳು! ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗನನ್ನು ಹೆತ್ತವಳ ಕಷ್ಟ ಹೆತ್ತವಳಿಗೇ ಗೊತ್ತು.

ಹುಡುಗನ ಮುಖದ ತುಂಬ ಮೊಡವೆ. ಹೊತ್ತು ಹೋಗದಿದ್ದರೆ ಕನ್ನಡಿ ಮುಂದೆ ಕೂತು ಒಂದೊಂದನ್ನೇ ಹಿಂಡುತ್ತಿದ್ದ. ಹಿಂಡಿದ ಕಡೆಯೆಲ್ಲ ಕಲೆ. ಹೆಣ್ಣಿನ ಕಡೆಯವರು ಬರುವರು, ಮುಖ ನೋಡುವರು, ಕಾಫಿ ಕುಡಿದು ಎದ್ದು ಹೋಗುವರು. ಈಗ ಪಕ್ಕದೂರಿನ ನೇತ್ರಾಳ ಮನೆಯವರು ಸುಗ್ಗಿ ಮುಗಿದ ಮೇಲೆ ಬನ್ನಿ ಅಂದಿದ್ದರು. ಇದೂ ತಪ್ಪಿದರೆ ಮಗನಿಗೆ ಮದುವೆಯೇ ಇಲ್ಲ ಎಂದು ಚೌಡಮ್ಮನಿಗೆ ಹೆದರಿಕೆ ಹತ್ತಿಕೊಂಡಿತು. ಅವನನ್ನು ಎಳೆದುಕೊಂಡು ಪೇಟೆಯ ಡಾಕ್ಟರ ಹತ್ತಿರ ಹೋದಳು.

ಡಾಕ್ಟರು ಒಂದು ಮುಲಾಮು ಬರೆದುಕೊಟ್ಟು, "ಹಿಂಡಬೇಡಪ್ಪ, ಹಿಂಡಿದರೇ ಕಲೆ ಆಗೋದು" ಅಂದರು.

ದಾರಿಯುದ್ದಕ್ಕೂ ಚೌಡಮ್ಮ ಅದನ್ನೇ ಹೇಳಿದಳು. "ಕೇಳಿಸ್ತೇನ್ಲಾ? ಊದ್ಕೊಂಡಿರೋದನ್ನ ಹಿಂಡಬ್ಯಾಡ!"

"ಆಗ್ಲಿ ಕಣವ್ವ."

ಮಾರನೆಯ ದಿನ ಹಸು ಕರೆಯಲು ಹೇಳಿ ಗದ್ದೆಗೆ ಹೋದಳು. ಬಂದು ನೋಡಿದರೆ ಕೆಚ್ಚಲು ಬಿರಿಯುವಂತಿದೆ, ಹಸು ಅರಚುತ್ತಿದೆ, ಚೊಂಬಿನಲ್ಲಿ ತೊಟ್ಟು ಹಾಲಿಲ್ಲ.

"ಯಾಕ್ಲಾ ಕರೀಲಿಲ್ಲ?"

"ಊದ್ಕೊಂಡಿತ್ತಲ್ಲವ್ವ! ಹಿಂಡಿದ್ರೆ ಕಲೆ ಆಗಾಕಿಲ್ವಾ?"

"ಅಯ್ಯೋ ನನ್ನ ಹಣೆಬರಾವೇ! ಬೆಣ್ಣೆ ಸವರಿ ಮೆತ್ತಗೆ ಹಿಂಡಬೇಕು ಕಣ್ಲಾ, ಪೆದ್ದೇ!"

"ಅಂಗಂತ ಮೊದ್ಲೇ ಹೇಳಬಾರದಾ?"

ಬೆಳಗ್ಗೆ ಎದ್ದು ನೋಡಿದರೆ ಬೆಣ್ಣೆ ಗಡಿಗೆ ಖಾಲಿ. ಮಗ ಕನ್ನಡಿ ಮುಂದೆ ಕೂತಿದ್ದಾನೆ, ಗಲ್ಲದಿಂದ ಬೆಣ್ಣೆ ಇಳಿಯುತ್ತಿದೆ, ಬೆರಳು ಮೊಡವೆಯ ಮೇಲಿದೆ.

"ಮೆತ್ತಗೇ ಹಿಂಡ್ತಾ ಇವ್ನಿ ಕಣವ್ವ!"

ಮುಖ ಹಲಸಿನ ಹಣ್ಣಾಯಿತು. ಮತ್ತೆ ಡಾಕ್ಟರ ಹತ್ತಿರ ಓಟ. ಅವರು ತಲೆ ಚಚ್ಚಿಕೊಂಡು, "ಜಿಡ್ಡು ಮುಟ್ಟಿಸಬೇಡ. ಬಿಸಿಲು ಬೀಳದ ಹಾಗೆ ನೋಡ್ಕೋ, ಬಿದ್ದರೆ ಕಲೆ ಕಪ್ಪಾಗುತ್ತೆ" ಅಂದರು.

"ಕೇಳಿಸ್ತೇನ್ಲಾ? ಬಿಸಿಲು ತಾಕಿಸಬ್ಯಾಡ!"

"ಆಗ್ಲಿ ಕಣವ್ವ."

ನೇತ್ರಾಳ ಮನೆಗೆ ಕೊಂಡೊಯ್ಯಲೆಂದು ಚೌಡಮ್ಮ ಅಂಗಳದಲ್ಲಿ ಸಂಡಿಗೆ ಹರವಿ, ಕಾಗೆ ಕಾಯಲು ಇವನನ್ನು ಜಗುಲಿಯ ನೆರಳಿನಲ್ಲಿ ಕೂರಿಸಿ ಹೋದಳು. ಬಂದು ನೋಡಿದರೆ ಅಂಗಳ ಬಿಕೋ ಅನ್ನುತ್ತಿದೆ. ಸಂಡಿಗೆಯೆಲ್ಲ ಕತ್ತಲೆ ಕೋಣೆಯಲ್ಲಿ, ಕಂಬಳಿಯ ಕೆಳಗೆ, ಹುಳಿ ನಾರುತ್ತಿದೆ!

"ಏನ್ಲಾ ಇದು?"

"ಬಿಸಿಲು ತಾಕಿದ್ರೆ ಕಪ್ಪಾಗ್ತವೆ ಕಣವ್ವ!"

ಚೌಡಮ್ಮ ಅತ್ತೇಬಿಟ್ಟಳು. ಆಮೇಲೆ ಮೂಗೊರೆಸಿಕೊಂಡು ಹೇಳಿದಳು: "ಬ್ಯಾರೆ ಏನೂ ತಲೆಗೆ ಹಚ್ಕೋಬ್ಯಾಡ. ಕಲೆ ಎಲ್ಲಿ ಕಾಣ್ತದೋ ಅಲ್ಲಿ ತೊಳ್ದು ಮುಲಾಮು ಹಚ್ಚು. ದಿನಾ ಹಚ್ಚು. ಕಲೆ ಹೋಗೋಗಂಟ ಬಿಡಬ್ಯಾಡ. ಅಷ್ಟೇಯ!"

ಈ ಸಲ ಮಾತು ಫಲಿಸಿತು. ದಿನಾ ತೊಳೆದ, ದಿನಾ ಹಚ್ಚಿದ. ಸುಗ್ಗಿ ಮುಗಿಯುವ ಹೊತ್ತಿಗೆ ಮೊಡವೆ ಅಡಗಿ, ಕಲೆ ಮಾಸುತ್ತಾ ಬಂತು. ಚೌಡಮ್ಮನ ಸಂತೋಷಕ್ಕೆ ಪಾರವೇ ಇಲ್ಲ. ಅವನಿಗೆ ಹೊಸ ಅಂಗಿ ತೊಡಿಸಿ ಹೆಣ್ಣಿನ ಮನೆಗೆ ಹೊರಟಳು. ಮುಲಾಮಿನ ಟ್ಯೂಬು ಅಂಗಿ ಜೇಬಿನಲ್ಲೇ ಇತ್ತು.

ನೇತ್ರಾ ಕಾಫಿ ತಂದಳು, ಮುಖ ನೋಡಿದಳು, ನಕ್ಕಳು! ಅವಳಪ್ಪ ತಾಂಬೂಲದ ತಟ್ಟೆಗೆ ಕೈ ಹಾಕಿದ. ಅಷ್ಟರಲ್ಲಿ ಒಳಗಿಂದ ನೇತ್ರಾಳ ಅಜ್ಜಿ ಜವರಮ್ಮ ಬಂದು ಕೂತಳು. ಹಣೆಯಲ್ಲಿ ಹಚ್ಚೆ, ಗದ್ದದಲ್ಲಿ ಹಚ್ಚೆ, ಎರಡೂ ಕೆನ್ನೆಯಲ್ಲಿ ಹಸಿರು ಚುಕ್ಕಿ.

ಮುದ್ದಲಿಂಗ ಚಂಗನೆ ನೆಗೆದ. ನೀರಿನ ಚೊಂಬು ಎತ್ತಿಕೊಂಡು ಅಜ್ಜಿಯ ಮುಖ ತೊಳೆದೇಬಿಟ್ಟ, ಟ್ಯೂಬು ತೆಗೆದು ಹಚ್ಚತೊಡಗಿದ.

"ಅಯ್ಯಯ್ಯೋ! ಏನ್ಲಾ ಮಾಡ್ತಿದೀಯೆ?"

"ಕಲೆ ಕಣಜ್ಜಿ. ಅಲ್ಲಾಡಬ್ಯಾಡ."

"ಹಚ್ಚೆ ಕಣೋ ಅದು! ಸುಟ್ಟರೂ ಹೋಗಾಕಿಲ್ಲ!"

"ನಂಗೇನೂ ಅವಸರ ಇಲ್ಲ ಕಣಜ್ಜಿ."

ಚೌಡಮ್ಮ ರಟ್ಟೆ ಹಿಡಿದು ಎಳೆದಳು. "ಏಳ್ಲಾ, ಮಾನ ಕಳೀಬ್ಯಾಡ, ಮನೆಗೆ ನಡಿ!"

"ಹೋಗೋಗಂಟ ಬಿಡಬ್ಯಾಡ ಅಂದೋಳು ನೀನೇಯ!"

ಎಳೆದರು, ಬೈದರು, ಬೇಡಿಕೊಂಡರು. ಊಹೂಂ! ನೇತ್ರಾ ಸೆರಗು ಬಾಯಿಗಿಟ್ಟುಕೊಂಡು ನಕ್ಕೂ ನಕ್ಕೂ, "ಇರ್ಲಿ ಬಿಡಪ್ಪ, ಹಿಡಿದ ಕೆಲಸ ಬಿಡೋನಲ್ಲ ಇವ್ನು" ಅಂದಳು. ಹೇಗೂ ಏಳುವುದಿಲ್ಲವಲ್ಲ, ಅಲ್ಲೇ ತಾಂಬೂಲ ಬದಲಾಯಿಸಿ, ಅಲ್ಲೇ ಚಪ್ಪರ ಹಾಕಿ ಮದುವೆ ಮಾಡಿದರು.

ಮುದ್ದಲಿಂಗ ಅಲ್ಲೇ ಮನೆ ಅಳಿಯನಾದ. ಜವರಮ್ಮನಿಗೂ ಈಗ ಅಭ್ಯಾಸವಾಗಿದೆ, ಬೆಳಗಾದರೆ ತಾನೇ ಬಂದು ಹಣೆ ಒಡ್ಡಿ ಕೂರುತ್ತಾಳೆ. ಟ್ಯೂಬು ಮುಗಿದಾಗಲೆಲ್ಲ ಅವನು ಚೌಡಮ್ಮನಿಗೆ ಹೇಳಿ ಕಳಿಸುತ್ತಾನೆ: "ಇನ್ನೊಂದು ಕಳಿಸವ್ವ, ಅಂಚು ಮಾಸೋ ಹಂಗೆ ಕಾಣ್ತಾ ಅದೆ!"