ಓಬಳ ಬಿದ್ದು ಎಷ್ಟು ದಿನವಾಯಿತು?

ಕೆಂಜಿಗೆದುರ್ಗದ ಪಾಳೆಯಗಾರ ಇರಿಯಪ್ಪ ನಾಯಕನಿಗೆ ಜಂಬ ಕೊಚ್ಚೋಕೆ ಒಂದು ವಿಷಯ ಸಿಕ್ಕಿಬಿಟ್ಟಿತ್ತು. ಬಂದ ನೆಂಟರ ಮುಂದೆ, ಕಪ್ಪ ತಂದವರ ಮುಂದೆ, ಕೊನೆಗೆ ಕ್ಷೌರ ಮಾಡೋನ ಮುಂದೆಯೂ ಅದೇ ಮಾತು.

"ಮೂರು ವರ್ಷದಿಂದ ಕೋಟೆ ಕಟ್ಟಿಸ್ತಿದ್ದೀನಿ. ಒಬ್ಬ ಆಳಿನ ಉಗುರೂ ಕಿತ್ತಿಲ್ಲ."

ಉಗುರೇನು, ಕಾಲೇ ಮುರಿದಿತ್ತು. ಹೇಳೋರು ಇರಲಿಲ್ಲ ಅಷ್ಟೆ.

ಹೇಳಬೇಕಾದವನು ಪಾರುಪತ್ಯಗಾರ ವೆಂಕಪಯ್ಯ. ಕೋಟೆ ಕೆಲಸದ ಉಸ್ತುವಾರಿಯೆಲ್ಲ ಅವನದು. ಅರಮನೆ ಕಟ್ಟಳೆ ಹೀಗಿತ್ತು: ಕೆಲಸದಲ್ಲಿ ಪೆಟ್ಟು ತಿಂದ ಆಳು ಏಳು ದಿನ ಮೀರಿ ಮಲಗಿದರೆ ಪಾರುಪತ್ಯಗಾರ ಓಲಗದಲ್ಲಿ ನಿಂತು ಅದನ್ನು ಒಪ್ಪಿಸಬೇಕು. ಒಪ್ಪಿಸಿದ ಕೂಡಲೇ ಆಳಿನ ಮನೆಗೆ ವೈದ್ಯ ಹೋಗಬೇಕು, ಉಗ್ರಾಣದಿಂದ ರಾಗಿ ಹೋಗಬೇಕು, ಯಾಕೆ ಬಿದ್ದ ಅಂತ ನಾಯಕನೇ ಬಂದು ನೋಡಬೇಕು. ಯಾರೂ ಬೀಳದ ವರ್ಷಕ್ಕೆ ಪಾರುಪತ್ಯಗಾರನಿಗೆ ಒಂದು ಜರಿ ಶಾಲು. ವೆಂಕಪಯ್ಯನ ಪೆಟ್ಟಿಗೆಯಲ್ಲಿ ಆಗಲೇ ಎರಡಿದ್ದವು. ಮೂರನೆಯದಕ್ಕೆ ಭುಜ ತುರಿಸುತ್ತಿತ್ತು.

ನಾಯಕ ಬಂದು ನೋಡಿದರೆ ಇನ್ನೊಂದು ಸಂಗತಿಯೂ ಹೊರಬೀಳುತ್ತಿತ್ತು. ಅಟ್ಟಣಿಗೆ ಬಿಗಿಯೋಕೆ ತರಿಸಿದ ಹೊಸ ಹಗ್ಗ ಮೇಲುಪೇಟೆ ಚೆಂದ್ರಿಯ ಹಜಾರದಲ್ಲಿ ಉಯ್ಯಾಲೆಯಾಗಿ ತೂಗುತ್ತಿತ್ತು. ಅದರಲ್ಲಿ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದವನು ಯಾರು ಅನ್ನೋದು ವೆಂಕಪಯ್ಯನ ಹೆಂಡತಿಯೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು.

ಇತ್ತ ಅಟ್ಟಣಿಗೆಯ ಹಳೇ ಹಗ್ಗ ಹರಿದು ಕಲ್ಲುಕುಟಿಗ ಓಬಳ ಬಿದ್ದ. ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು.

ಹನ್ನೆರಡನೆಯ ದಿನ ಅವನ ಹೆಂಡತಿ ಮಾರಕ್ಕ ತಿಪ್ಪರಸನ ಬಾಗಿಲಿಗೆ ಬಂದಳು. ತಿಪ್ಪರಸ ಆಸ್ಥಾನದವನು. ದಿನಾ ಮಧ್ಯಾಹ್ನ ನಾಯಕನ ಜೊತೆ ಪಗಡೆ ಆಡೋನು. ಗಂಡನ ಕಾಲು ಊದಿ ಕಪ್ಪಾಗಿದೆ, ಮಡಕೆಯಲ್ಲಿ ಹಿಟ್ಟಿಲ್ಲ ಅಂತ ಅತ್ತಳು. ಏಳು ದಿನ ಕಳೆಯಿತಲ್ಲ, ಪಾರುಪತ್ಯಗಾರರು ಏನಂತಾರೆ ಅಂತ ತಿಪ್ಪರಸ ಕೇಳಿದ.

"ಇನ್ನೂ ಕಳೆದಿಲ್ಲವಂತೆ ಅಪ್ಪೋರೆ. ಬಿದ್ದ ದಿನ ಅರ್ಧ ಕೆಲಸ ಮಾಡಿದ್ದ, ಅದು ಸೇರೋದಿಲ್ಲವಂತೆ. ಸೋಮವಾರ ಎತ್ತಿಗೆ ರಜ, ಅದೂ ಇಲ್ಲ. ಹುಣ್ಣಿಮೆ, ಅಮಾವಾಸ್ಯೆ ಇಲ್ಲ. ಆರು ದಿನ ತುಂಬಿದ ಮಾರನೇ ಬೆಳಗ್ಗೆ ಮಂಚದ ಸಮೇತ ಕೋಟೆಗೆ ಹೊತ್ಕೊಂಡು ಹೋಗ್ತಾರೆ. ಹೆಸರು ಕೂಗಿದಾಗ ಇವನು 'ಇದ್ದೀನಿ' ಅನ್ನಬೇಕು. ಅಂದಮೇಲೆ ತಂದು ಮನೇಲಿ ಹಾಕ್ತಾರೆ. ಕೆಲಸಕ್ಕೆ ಬಂದಹಾಗೆ ಆಯ್ತಂತೆ. ಮತ್ತೆ ಒಂದರಿಂದ ಎಣಿಕೆ."

ಆ ಮಧ್ಯಾಹ್ನ ತಿಪ್ಪರಸ ಆಟದ ನಡುವೆ "ಕೋಟೆಯಲ್ಲಿ..." ಅಂತ ಬಾಯಿ ತೆಗೆದ. ಕೋಟೆ ಮಾತು ವೆಂಕಪಯ್ಯನಿಗೆ ಬಿಡು, ನೀನು ದಾಳ ಹಾಕು ಅಂತ ನಾಯಕ ಅಲ್ಲಿಗೇ ತಡೆದ.

ತಿಪ್ಪರಸ ದಾಳ ಹಾಕಿದ, ಆಟ ಮುಗಿಸಿದ, ಇಳಿಯುವಾಗ ಅರಮನೆ ಮೆಟ್ಟಿಲ ಮೇಲೆ ಜಾರಿ ಬಿದ್ದ. ಅವನು ಅರಚಿದ್ದು ಅಡಿಗೆಮನೆಗೂ ಕೇಳಿಸಿತು. ನಾಯಕನೇ ಓಡಿಬಂದು ರಟ್ಟೆ ಹಿಡಿದು ಎತ್ತಿದ. ಕಾಲು ಉಳುಕಿದೆ ಅಂತ ಹೇಳಿ ತಿಪ್ಪರಸ ಮನೆ ಸೇರಿದ.

ನಾಯಕನ ಮಧ್ಯಾಹ್ನಗಳು ಹಾಳಾದವು. ವೆಂಕಪಯ್ಯನನ್ನು ಆಟಕ್ಕೆ ಕೂರಿಸಿಕೊಂಡರೆ ಅವನು ಬೇಕಂತಲೇ ಸೋಲೋನು. ಹಿರಿಯ ರಾಣಿಯನ್ನು ಕೂರಿಸಿಕೊಂಡರೆ ಆಕೆ ಕಾಯಿ ಹೊಡೆದಾಗಲೆಲ್ಲ ಕಿರಿಯ ರಾಣಿಯ ಮಾತು ಎತ್ತೋಳು. ಎಂಟನೆಯ ದಿನ ನಾಯಕ ತಾಳಲಾರದೆ ಹೇಳಿಕಳಿಸಿದ.

ನಾಳೆ ಬರ್ತೀನಿ ಅಂತ ಉತ್ತರ ಬಂತು. ಮಾರನೇ ದಿನ ನಾಲ್ಕು ಜನ ತಿಪ್ಪರಸನನ್ನು ಮಂಚದಲ್ಲಿ ಹೊತ್ತು ತಂದರು. ನಾಯಕ ಪಗಡೆ ಹಾಸನ್ನು ಬಿಡಿಸಿದ. ಮಂಚ ಹೊಸ್ತಿಲು ದಾಟಿತು.

"ಇದ್ದೀನಿ ಬುದ್ಧಿ" ಅಂದ ತಿಪ್ಪರಸ. ಮಂಚ ಹಾಗೇ ತಿರುಗಿ ಹೊರಟುಹೋಯಿತು.

ಹದಿನೈದನೆಯ ದಿನ ನಾಯಕ ಭಟರನ್ನು ಕಳಿಸಿ ಅವನನ್ನು ಎತ್ತಿ ತರಿಸಿದ. ಓಲಗ ತುಂಬಿತ್ತು. ವೆಂಕಪಯ್ಯ ಪಕ್ಕದಲ್ಲೇ ಇದ್ದ.

"ಹದಿನೈದು ದಿನ ನನ್ನನ್ನ ಬಿಟ್ಟು ಬಿದ್ದುಕೊಂಡಿದ್ದೀಯಲ್ಲೋ?"

"ಐದೇ ದಿನ ಬುದ್ಧಿ."

ನಾಯಕನ ಮೀಸೆ ಅದುರಿತು. ತಿಪ್ಪರಸ ಸಾವಧಾನವಾಗಿ ವಿವರಿಸಿದ: ಬಿದ್ದ ದಿನ ಆಟ ಆಡಿದ್ದೆ, ಅದು ಸೇರೋದಿಲ್ಲ. ಸೋಮವಾರ ಇಲ್ಲ, ಅಮಾವಾಸ್ಯೆ ಇಲ್ಲ. ಆರು ತುಂಬಿತು, ಮಂಚದಲ್ಲಿ ಬಂದು ಇದ್ದೀನಿ ಅಂದೆ, ಅದು ಬಂದ ಲೆಕ್ಕ. ಆಮೇಲೆ ಇವತ್ತಿಗೆ ಒಂದು ಸೋಮವಾರ ಕಳೆದರೆ ಐದು.

ವೆಂಕಪಯ್ಯ ಮೆಲ್ಲಗೆ ಕಂಬದ ಹಿಂದಕ್ಕೆ ಸರಿಯತೊಡಗಿದ.

"ವೆಂಕಪಯ್ಯ, ಎಣಿಸೋದು ನಿನ್ನ ಕೆಲಸ" ಅಂದ ನಾಯಕ. "ಐದೋ, ಹದಿನೈದೋ?"

ನಾಯಕನ ಕೈ ಕತ್ತಿಯ ಹಿಡಿಯ ಮೇಲಿತ್ತು. ಐದು ಅನ್ನೋ ಧೈರ್ಯ ಯಾರಿಗಿರುತ್ತೆ?

"ಹದಿನೈದು ಬುದ್ಧಿ."

"ಮಂಚದ ಮೇಲೆ ಬಂದು ಹೋದದ್ದು?"

"ಅದೆಂಥ ಬರೋದು ಬುದ್ಧಿ, ಶುದ್ಧ ಮೋಸ."

ತಿಪ್ಪರಸ ಮಂಚದಿಂದ ಇಳಿದು ಎರಡು ಕಾಲ ಮೇಲೂ ನೆಟ್ಟಗೆ ನಿಂತು ವೆಂಕಪಯ್ಯನ ಕಡೆ ತಿರುಗಿದ. "ಸರಿ ಸ್ವಾಮಿ, ಒಪ್ಪಿದೆ. ನನಗಿಂತ ಹನ್ನೆರಡು ದಿನ ಮುಂಚೆ ನಿಮ್ಮ ಅಟ್ಟಣಿಗೆಯಿಂದ ಓಬಳ ಬಿದ್ದನಲ್ಲ, ಅವನದು ಎಷ್ಟಾಯಿತು, ಅದನ್ನೂ ಎಣಿಸಿ ಒಪ್ಪಿಸಿಬಿಡಿ."

ಕಡತ ನೋಡಿ ನಾಳೆ ಹೇಳ್ತೀನಿ ಅಂದ ವೆಂಕಪಯ್ಯ. ನಾಯಕ ಬಿಡಲಿಲ್ಲ. ಇಪ್ಪತ್ತೇಳು ಅನ್ನೋದು ಹೊರಗೆ ಬರೋವರೆಗೂ ನಿಲ್ಲಿಸಿಕೊಂಡ.

ವೈದ್ಯ ಹೋದ, ರಾಗಿ ಹೋಯಿತು, ನಾಯಕನೂ ಹೋಗಿ ಅಟ್ಟಣಿಗೆ ನೋಡಿದ. ಪಾರುಪತ್ಯ ಬೇರೆಯವರ ಪಾಲಾಯಿತು. ಹೊಸ ಹಗ್ಗ ಬಿಚ್ಚಿ ತರೋಕೆ ಮೇಲುಪೇಟೆಗೆ ಹೋದ ಭಟರ ಹಿಂದೆಯೇ ವೆಂಕಪಯ್ಯನ ಹೆಂಡತಿಯೂ ಹೋದಳು. ಅಲ್ಲಿ ಆಕೆ ಆಡಿದ ಮಾತು ಬರೆಯೋ ಹಾಗಿಲ್ಲ. ಕೇಳಿದವರು ಮಾತ್ರ ಒಂದಕ್ಷರ ಮರೆತಿಲ್ಲ.

ಮಾರನೇ ಮಧ್ಯಾಹ್ನ ಪಗಡೆ ಹಾಸು ಮತ್ತೆ ಬಿಚ್ಚಿಕೊಂಡಿತು. ನಾಯಕ ದಾಳ ಉಜ್ಜುತ್ತ ನಕ್ಕ. "ನಿಜ ಹೇಳೋ, ನಿನ್ನ ಕಾಲಿಗೆ ಏನಾಗಿತ್ತು?"

"ಏನೂ ಆಗಿರಲಿಲ್ಲ ಬುದ್ಧಿ. ಉಳುಕದ ಕಾಲಿನ ಸುದ್ದಿ ನಾನು ಏಳೋದರೊಳಗೆ ನಿಮಗೆ ಮುಟ್ಟಿತು. ಮುರಿದ ಕಾಲಿನ ಸುದ್ದಿಗೆ ಇಪ್ಪತ್ತೇಳು ದಿನ ಹಿಡಿಯಿತು."